ಎರಡೇ ನಿಮಿಷ, ಮೇಡಂ

ನಮ್ಮ ಮ್ಯಾನೇಜರ್ "ಎರಡೇ ನಿಮಿಷ, ಮೇಡಂ" ಅಂತ ಕರೆದರೆ ನಾನು ನೀರಿನ ಬಾಟಲಿ, ಚಾರ್ಜರ್, ಊಟದ ಡಬ್ಬಿ ಮೂರನ್ನೂ ಎತ್ತಿಕೊಂಡೇ ಏಳುತ್ತೇನೆ. ಒಮ್ಮೆ ಹಾಗೆ ಎರಡು ನಿಮಿಷಕ್ಕೆ ಅಂತ ಹೋದವಳು ನನ್ನ ಸೀಟಿಗೆ ವಾಪಸ್ ಬಂದದ್ದು ಆರು ವಾರದ ಮೇಲೆ. ಮೇಜಿನ ಮೇಲಿದ್ದ ಮನಿಪ್ಲಾಂಟ್ ಒಣಗಿ ಹಪ್ಪಳವಾಗಿತ್ತು. ಡ್ರಾಯರಿನಲ್ಲಿಟ್ಟಿದ್ದ ಚಕ್ಕುಲಿ ಪೊಟ್ಟಣವನ್ನು ಮಾತ್ರ ಯಾರೋ ಜವಾಬ್ದಾರಿಯಿಂದ ಮುಗಿಸಿದ್ದರು. ನಮ್ಮ ಆಫೀಸಿನಲ್ಲಿ ಹಿಡಿದ ಕೆಲಸ ಪೂರ್ತಿ ಮುಗಿದದ್ದು ಅಂತ ನಾನು ಕಂಡದ್ದು ಅದೊಂದೇ.

ನನ್ನದು ಟೆಸ್ಟಿಂಗ್ ಕೆಲಸ. ಬೆಳ್ಳಂದೂರಿನ ಹತ್ತಿರ, ಔಟರ್ ರಿಂಗ್ ರೋಡಿನ ಒಂದು ಗಾಜಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೂತು, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಮದುವೆಯಾದ ಹೊಸದರಲ್ಲಿ ಅತ್ತೆಗೆ ಇದನ್ನು ವಿವರಿಸಿದಾಗ, "ತಪ್ಪು ಹುಡುಕೋದಕ್ಕೂ ಸಂಬಳ ಕೊಡ್ತಾರಾ? ನಾನು ಇಷ್ಟು ವರ್ಷ ಬಿಟ್ಟಿ ಮಾಡಿಬಿಟ್ನಲ್ಲೇ" ಅಂದಿದ್ದರು.

ಕಂಪನಿಯ ಭಾಷೆಯಲ್ಲಿ ನಾನು ಶೇರ್ಡ್ ರಿಸೋರ್ಸ್. ಅಂದರೆ ಶೇರ್ ಆಟೊ. ಯಾರು ಕೈ ಅಡ್ಡ ಹಾಕಿದರೂ ನಿಲ್ಲಬೇಕು. ಒಳಗೆ ಜಾಗ ಇಲ್ಲ ಅನ್ನುವ ಹಾಗಿಲ್ಲ, "ಸ್ವಲ್ಪ ಒತ್ತಿ ಕೂತ್ಕೊಳ್ಳಿ" ಅಷ್ಟೇ. ಕಳೆದ ವರ್ಷ ನನ್ನೊಳಗೆ ಹೀಗೆ ಒತ್ತಿ ಕೂತಿದ್ದವರು ನಾಲ್ಕು ಜನ: ಒಂದು ಬಿಸ್ಕತ್ ಕಾರ್ಖಾನೆಯ ಗೋಡೌನ್ ಲೆಕ್ಕ, ಒಂದು ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ಒಂದು ಶಾಲೆಯ ಫೀಸು, ಇನ್ನೊಂದು ಯಾವುದೋ ದೇಶದ ಹೋಟೆಲ್ ಬುಕಿಂಗು. ಎಕ್ಸೆಲ್ ಶೀಟಿನಲ್ಲಿ ನನ್ನ ಹೆಸರಿನ ಮುಂದೆ ಶೇಕಡಾ 40, 40, 30, 10 ಅಂತ ಬರೆದಿತ್ತು. ಕೂಡಿ ನೋಡಿದೆ. 120 ಬಂತು. "ಮೇಲಿನ 20 ಎಲ್ಲಿಂದ ತರಲಿ?" ಅಂತ ಕೇಳಿದೆ. "ಅದು ಪೇಪರ್ ಮೇಲೆ ಮಾತ್ರ ಮೇಡಂ" ಅಂದರು. ನನ್ನ ಸಂಬಳವೂ ಪೇಪರ್ ಮೇಲೆ ಮಾತ್ರ ಚೆನ್ನಾಗಿ ಕಾಣುವುದರಿಂದ ಸುಮ್ಮನಾದೆ.

ಮ್ಯಾನೇಜರ್ ಕೆಟ್ಟವರೇನಲ್ಲ. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ಚಿಕ್ಕವರು, ಕೇಳಿದಾಗೆಲ್ಲ ರಜೆ ಕೊಡುತ್ತಾರೆ, ದೀಪಾವಳಿಗೆ ಮನೆಯಿಂದ ಕಜ್ಜಾಯ ತರುತ್ತಾರೆ. ಅವರ ಮೇಲೆ ಇನ್ನೊಬ್ಬರಿದ್ದಾರೆ. ಆ ಇನ್ನೊಬ್ಬರು ಎರಡು ನಿಮಿಷ ಅಂತಲೂ ಹೇಳುವುದಿಲ್ಲ, ಬರೀ "ಕಾಲ್?" ಅಂತ ಮೆಸೇಜ್ ಹಾಕುತ್ತಾರೆ. ಆ ಒಂದು ಪ್ರಶ್ನಾರ್ಥಕ ಚಿಹ್ನೆ ಮೇಲಿನಿಂದ ಉರುಳಿಕೊಂಡು ಬಂದು ನನ್ನ ತಲೆ ಮೇಲೆ ಬೀಳುವ ಹೊತ್ತಿಗೆ ಬಂಡೆಯಾಗಿರುತ್ತದೆ.

ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ತಿಳಿಸಲು ನಮ್ಮಲ್ಲಿ ಪಿ1, ಪಿ2, ಪಿ3 ಅಂತ ಗುರುತು ಹಾಕುತ್ತಾರೆ. ಪಿ1 ಅಂದರೆ ಅತಿ ಅರ್ಜೆಂಟು. ನಾನು ಸೇರಿದಾಗ ಮೂರೂ ಇದ್ದವು. ಸ್ವಲ್ಪ ದಿನದಲ್ಲಿ ಪಿ3ರ ಸಂತತಿ ನಶಿಸಿತು. ಆಮೇಲೆ ಪಿ2. ಎಲ್ಲವೂ ಪಿ1 ಆದ ಮೇಲೆ ನಿಜವಾಗಲೂ ಅರ್ಜೆಂಟ್ ಇರುವುದಕ್ಕೆ ಏನು ಮಾಡೋದು? ಪಿ0 ಹುಟ್ಟಿತು. ಈಗ ಅದೂ ಡಜನ್‌ಗಟ್ಟಲೆ ಇದೆ. ಹೋದ ತಿಂಗಳು ಒಂದು ಟಿಕೆಟ್ಟಿನ, ಅಂದರೆ ಕೆಲಸದ ಚೀಟಿಯ, ಮೇಲೆ "ಪಿ0 — ನಿಜವಾಗಲೂ" ಅಂತ ಬರೆದಿತ್ತು.

ಈಗ ಆ ಮಂಗಳವಾರದ ವಿಷಯಕ್ಕೆ ಬರುತ್ತೇನೆ.

ಅದಕ್ಕೆ ಮುಂಚೆ ಮೂರು ವಾರ ಒಂದೇ ಸಮನೆ ಬಿಸ್ಕತ್ ಗೋಡೌನಿನಲ್ಲಿದ್ದೆ. ಅಂದರೆ ಅದರ ಸಾಫ್ಟ್‌ವೇರಿನಲ್ಲಿ. ಮೂರು ವಾರ ಒಂದೇ ಕೆಲಸ! ಬೆಳಿಗ್ಗೆ ಎದ್ದರೆ ಬಿಸ್ಕತ್ತು, ಮಲಗಿದರೆ ಬಿಸ್ಕತ್ತು. ಅಲ್ಲಿ ಮುಖ್ಯ ನಿಯಮ ಒಂದು: ಎಕ್ಸ್‌ಪೈರಿ ಡೇಟ್ ಇಲ್ಲದೆ ಯಾವ ಸರಕೂ ಒಳಗೆ ಬರಬಾರದು. ತಾರೀಕು ಹಾಕದಿದ್ದರೆ ಸಿಸ್ಟಂ ತಡೆಯಬೇಕು. ಅದು ತಡೆಯುತ್ತದಾ ಇಲ್ಲವಾ ಅಂತ ನೂರಾರು ಸಲ ನೋಡಿದ್ದೆ. ಮಂಗಳವಾರ ಬೆಳಿಗ್ಗೆ ಬೇರೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮೂರನೇ ಗೋಡೌನಿಗೆ ಬಂದದ್ದು 500 ಬಾಕ್ಸ್. ಹೋದದ್ದು 200. ಉಳಿದದ್ದು 288 ಅಂತ ತೋರಿಸುತ್ತಿತ್ತು. ಹನ್ನೆರಡು ಬಾಕ್ಸ್ ಎಲ್ಲಿ? ಇಲಿ ತಿಂದಿರಲು ಇದು ನಿಜವಾದ ಗೋಡೌನ್ ಅಲ್ಲ. ನಾನೇ ಹಾಕಿದ ಸುಳ್ಳು ಲೆಕ್ಕ. ಆದರೂ ಬಾಕ್ಸ್ ಮಾಯ. ಎದೆ ಡವಡವ ಅಂತು. ಟೆಸ್ಟರ್‌ಗೆ ಇಂಥ ಬಗ್ ಸಿಕ್ಕರೆ, ಹಳೇ ಸೀರೆಯ ಮಡಿಕೆಯಲ್ಲಿ ಐನೂರರ ನೋಟು ಸಿಕ್ಕಷ್ಟು ಖುಷಿ. ಇನ್ನೇನು ಹಿಂದೆ ಹಿಂದೆ ಹೋಗಿ ಹಿಡಿಯಬೇಕು, ಅಷ್ಟರಲ್ಲಿ ಹೆಗಲ ಹಿಂದಿನಿಂದ ದನಿ.

"ಎರಡೇ ನಿಮಿಷ, ಮೇಡಂ."

ಆಸ್ಪತ್ರೆಯ ಕಡೆಯವರು ಸಂಜೆ ನಾಲ್ಕಕ್ಕೆ ಕಾಲ್‌ಗೆ ಬರುತ್ತಾರಂತೆ. ರೋಗಿ ಹೆಸರು ನೋಂದಾಯಿಸುವ ಪುಟ ಯಾರೂ ಟೆಸ್ಟ್ ಮಾಡಿಲ್ಲವಂತೆ. ಪಿ0. ಡಬ್ಬಿ, ಬಾಟಲಿ ಎತ್ತಿಕೊಂಡು ಹೋದೆ. ಪುಟ ತೆರೆದೆ. ಹೆಸರು ಇದೆ, ವಯಸ್ಸು ಇದೆ, ಫೋನ್ ನಂಬರ್ ಇದೆ. ಎಲ್ಲ ತುಂಬಿದೆ. ಸೇವ್ ಒತ್ತಿದೆ. ಆಯಿತು. ಏನೋ ಕಡಿಮೆ ಇದೆಯಲ್ಲ ಅನ್ನಿಸಿತು. ಏನದು? ಹೊಳೆಯಿತು! ತಕ್ಷಣ ಬಗ್ ಹಾಕಿದೆ. ಅದರ ಒಕ್ಕಣೆಯನ್ನು ಮರೆಯೋಣ ಅಂದರೂ ಆಫೀಸಿನವರು ಬಿಡುತ್ತಿಲ್ಲ:

"ರೋಗಿಯ ಎಕ್ಸ್‌ಪೈರಿ ಡೇಟ್ ಹಾಕಲು ಜಾಗವೇ ಇಲ್ಲ. ತಾರೀಕು ಇಲ್ಲದೆಯೂ ರೋಗಿ ಒಳಗೆ ಬರುತ್ತಿದ್ದಾರೆ. ಸಿಸ್ಟಂ ತಡೆಯುತ್ತಿಲ್ಲ. ಗಂಭೀರ ದೋಷ."

ಕಳಿಸಿ, ಕಾಫಿ ಕುಡಿಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಡೆವಲಪರ್ ಹುಡುಗ ಅದರ ಕೆಳಗೆ ಉತ್ತರ ಬರೆದಿದ್ದ: "ಚಿತ್ರಗುಪ್ತರ ಸರ್ವರ್ ಜೊತೆ ಇಂಟಿಗ್ರೇಶನ್ ಬಾಕಿ ಇದೆ. ಅವರು ಪಾಸ್‌ವರ್ಡ್ ಕೊಡುತ್ತಿಲ್ಲ." ಅದರ ಕೆಳಗೆ ಇನ್ನೊಬ್ಬಳು: "ಎಕ್ಸ್‌ಪೈರಿ ಹತ್ತಿರ ಬಂದವರಿಗೆ ಡಿಸ್ಕೌಂಟ್ ಇದೆಯಾ?" ನಾನು ಅಳಿಸಲು ಓಡುವುದರೊಳಗೆ ನಾಲ್ಕು ಗಂಟೆಯಾಯಿತು. ಮ್ಯಾನೇಜರ್ ಸ್ಕ್ರೀನ್ ಶೇರ್ ಮಾಡಿದರು. ಮೊದಲ ಸಾಲಿನಲ್ಲೇ ನನ್ನ ಗಂಭೀರ ದೋಷ. ಆ ಕಡೆ ಆಸ್ಪತ್ರೆಯ ಹಿರಿಯ ಡಾಕ್ಟರೊಬ್ಬರು ಕೂತಿದ್ದರು. ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ಓದಿದರು. "ಇದನ್ನು ಬರೆದವರು ಯಾರು?" ಅಂದರು. ನನ್ನ ಮೈಕ್ ಮ್ಯೂಟಿನಲ್ಲಿತ್ತು. ಹಾಗೇ ಇರಲಿ ಅಂತ ಬಿಟ್ಟೆ. "ಇಂಥ ಒಂದು ಜಾಗ ಇದ್ದಿದ್ದರೆ ನಮ್ಮ ಕೆಲಸ ಎಷ್ಟೋ ಹಗುರ ಆಗ್ತಿತ್ತು" ಅಂತ ಅವರು ನಕ್ಕರು. ಪುಣ್ಯಾತ್ಮರು. ನಮ್ಮ ಮ್ಯಾನೇಜರ್ ಮಾತ್ರ ಅಪಾರ್ಥ ಮಾಡಿಕೊಂಡು, "ಅದನ್ನು ಮುಂದಿನ ರಿಲೀಸ್‌ನಲ್ಲಿ ಕೊಡ್ತೀವಿ ಸಾರ್" ಅಂದುಬಿಟ್ಟರು.

ತಲೆಯೇನೋ ಒಂದು ಕೆಲಸದಿಂದ ಇನ್ನೊಂದಕ್ಕೆ ಬರುತ್ತದೆ. ಆದರೆ ಖಾಲಿ ಕೈಯಲ್ಲಿ ಬರುವುದಿಲ್ಲ, ಹಳೇ ಮನೆಯ ಸಾಮಾನು ಹೊತ್ತುಕೊಂಡೇ ಬರುತ್ತದೆ. ಅಮೆರಿಕದಲ್ಲಿ ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಇದರ ಮೇಲೇ ಒಂದು ಪ್ರಬಂಧ ಬರೆದಿದ್ದಾರೆ. ಅರ್ಧಕ್ಕೆ ಬಿಟ್ಟ ಕೆಲಸದ ಒಂದು ಪಾಲು ಮನಸ್ಸಿನಲ್ಲೇ ಉಳಿದುಬಿಡುತ್ತದೆ, ಅದರಿಂದ ಮುಂದಿನ ಕೆಲಸ ಹದಗೆಡುತ್ತದೆ ಅಂತ. ಅವರು ಅದಕ್ಕೊಂದು ಇಂಗ್ಲಿಷ್ ಹೆಸರಿಟ್ಟರು. ನಾನಾಗಿದ್ದರೆ ಚರಟ ಅನ್ನುತ್ತಿದ್ದೆ. ಫಿಲ್ಟರಿನಲ್ಲಿ ನಿನ್ನೆಯ ಕಾಫಿಪುಡಿಯ ಚರಟ ಹಾಗೇ ಇಟ್ಟು, ಅದರ ಮೇಲೆ ಹೊಸ ಪುಡಿ ಹಾಕಿ ಬಿಸಿನೀರು ಹುಯ್ದರೆ ಬರುವ ಡಿಕಾಕ್ಷನ್ ಇದೆಯಲ್ಲ, ಮಂಗಳವಾರ ನಾನು ಇಳಿಸಿದ್ದು ಅದನ್ನೇ.

ಚರಟ ಮನೆಗೂ ಬರುತ್ತದೆ. ಒಂದು ಭಾನುವಾರ ಅತ್ತೆ ಅಡುಗೆಮನೆಯಿಂದ, "ನಿಂಬೆಹಣ್ಣು ಹೆಚ್ಚಿಕೊಡ್ತೀಯೇನೇ, ಉಪ್ಪಿನಕಾಯಿ ಹಾಕೋಣ" ಅಂದರು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅದು ನನ್ನ ಸ್ಕೋಪ್‌ನಲ್ಲಿಲ್ಲ" ಅಂದೆನಂತೆ. ನನಗೆ ನೆನಪಿಲ್ಲ. ಅತ್ತೆಗೆ ಕಿವಿ ಸ್ವಲ್ಪ ಮಂದ. "ಸೋಪು ಬಚ್ಚಲುಮನೇಲೇ ಇದೆಯಲ್ಲ, ಕೈ ತೊಳ್ಕೊಂಡು ಬಾ" ಅಂದರು. ಆ ದಿನ ನನ್ನ ಸಂಸಾರ ಉಳಿಸಿದ್ದು ಅವರ ಕಿವಿ.

ಇನ್ನು ಕಾಲಿನ ಕಥೆ. ನಮ್ಮ ಮನೆ ಹನುಮಂತನಗರದಲ್ಲಿ. ನ್ಯಾಷನಲ್ ಕಾಲೇಜ್ ಮೆಟ್ರೊ ಸ್ಟೇಷನ್ನಿನಲ್ಲಿ ಗ್ರೀನ್ ಲೈನ್ ಹತ್ತಿ, ಆರ್.ವಿ. ರೋಡಿನಲ್ಲಿ ಇಳಿದು, ಯೆಲ್ಲೋ ಲೈನ್ ಹಿಡಿದು ಸಿಲ್ಕ್ ಬೋರ್ಡಿನಲ್ಲಿ ಇಳಿಯುತ್ತೇನೆ. ಅಲ್ಲಿಂದ ಬಸ್ಸು. 2025ರ ಆಗಸ್ಟಿನಲ್ಲಿ ಯೆಲ್ಲೋ ಲೈನ್ ಶುರುವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಪಕ್ಕದವರ ಮಗಳ ಮದುವೆ ಮಾತುಕತೆ ಪೂರ್ತಿ ಕೇಳಬಹುದಿತ್ತು. ಹೀಗೆ ಹೋಗಿ ಹೋಗಿ ಕಾಲಿಗೆ ದಾರಿ ಬಾಯಿಪಾಠವಾಗಿತ್ತು. ಆಮೇಲೊಂದು ಸೋಮವಾರ ಆಸ್ಪತ್ರೆಯವರ ವೈಟ್‌ಫೀಲ್ಡ್ ಆಫೀಸಿಗೇ ಬನ್ನಿ ಅಂತಾಯಿತು. ಅದಕ್ಕೆ ಅದೇ ಗ್ರೀನ್ ಲೈನಿನಲ್ಲಿ ಉಲ್ಟಾ ಕಡೆ ಮೆಜೆಸ್ಟಿಕ್‌ಗೆ ಹೋಗಿ, ಪರ್ಪಲ್ ಲೈನ್ ಹತ್ತಬೇಕು. ತಲೆಗೆ ಇದು ಗೊತ್ತಿತ್ತು, ಮೇಲ್ ಬಂದಿತ್ತು. ಕಾಲಿಗೆ ಮೇಲ್ ಬಂದಿರಲಿಲ್ಲ. ಹನ್ನೆರಡು ಬಾಕ್ಸಿನ ಯೋಚನೆಯಲ್ಲಿ ಮುಳುಗಿದ್ದವಳು ಕಣ್ಣು ಬಿಟ್ಟಾಗ ಸಿಲ್ಕ್ ಬೋರ್ಡಿನ ಕೆಳಗೆ ಬಸ್ಸಿಗೆ ಕೈ ತೋರಿಸುತ್ತಾ ನಿಂತಿದ್ದೆ. ಅಲ್ಲಿಂದ ವೈಟ್‌ಫೀಲ್ಡ್ ತಲುಪಿದ್ದನ್ನು ಬರೆದರೆ ಅದು ಪ್ರವಾಸ ಕಥನವಾಗುತ್ತದೆ. ಬಿಡಿ.

ನಾನು ವಾರಗಟ್ಟಲೆ ಪೇಚಾಡುವುದನ್ನು ನೋಡಿ ನಮ್ಮವರು, "ಬಾ, ಅವಧಾನ ನೋಡ್ಕೊಂಡು ಬರೋಣ, ಒಂದೇ ಸಲ ಎಂಟು ಕೆಲಸ ಮಾಡೋದು ಹೇಗೆ ಅಂತ ತಿಳಿಯುತ್ತೆ" ಅಂತ ಕರೆದುಕೊಂಡು ಹೋದರು. ಬಸವನಗುಡಿ ಕಡೆಯವರಿಗೆ ಅಷ್ಟಾವಧಾನ ಹೊಸದಲ್ಲ. ಶತಾವಧಾನಿ ಗಣೇಶ್ ಅವರು ಸಾವಿರಕ್ಕೂ ಹೆಚ್ಚು ಅವಧಾನ ಮಾಡಿದ್ದಾರೆ. ಅವರೂ ಓದಿದ್ದು ಎಂಜಿನಿಯರಿಂಗೇ ಅಂತ ನೆನೆದರೆ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತದೆ. ವೇದಿಕೆಯ ಮೇಲೆ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ಒಬ್ಬರು ಸಮಸ್ಯೆ ಕೊಡುತ್ತಾರೆ, ಅಂದರೆ ಪದ್ಯದ ಒಂದು ಸಾಲು ಕೊಟ್ಟು ಉಳಿದದ್ದನ್ನು ತುಂಬಿ ಅನ್ನುತ್ತಾರೆ. ಒಬ್ಬರು ದತ್ತಪದಿ, ಅಂದರೆ ಕೆಲವು ಪದ ಕೊಟ್ಟು ಅವನ್ನೇ ಸೇರಿಸಿ ಪದ್ಯ ಕಟ್ಟಿ ಅನ್ನುತ್ತಾರೆ. ಒಬ್ಬರು ಅಕ್ಷರಕ್ಕೆ ಅಕ್ಷರ ನಿಷೇಧ ಹಾಕುತ್ತಾರೆ. ಒಬ್ಬರು ಸಂಖ್ಯಾಬಂಧದ, ಅಂದರೆ ಎತ್ತ ಕೂಡಿದರೂ ಒಂದೇ ಮೊತ್ತ ಬರುವ ಅಂಕಿಗಳ ಚೌಕದ, ಮನೆ ಕೇಳುತ್ತಾರೆ. ಅವಧಾನಿಗಳು ಒಂದು ಪದ್ಯದ ಒಂದು ಸಾಲು ಹೇಳಿ, ಅದನ್ನು ಅಲ್ಲಿಗೇ ಬಿಟ್ಟು ಇನ್ನೊಬ್ಬರ ಕಡೆ ತಿರುಗುತ್ತಾರೆ. ಸುತ್ತು ಬಂದಾಗ ಬಿಟ್ಟಲ್ಲಿಂದಲೇ ಎರಡನೇ ಸಾಲು. ಕೊನೆಗೆ ಎಲ್ಲ ಪದ್ಯಗಳನ್ನೂ ಕಾಗದ ನೋಡದೆ ಒಪ್ಪಿಸುತ್ತಾರೆ. ನಡುನಡುವೆ ಕೆಲಸಕ್ಕೆ ಬಾರದ ಪ್ರಶ್ನೆ ಕೇಳಿ ಗಮನ ಕೆಡಿಸುವುದಕ್ಕೆ ಅಂತಲೇ ಒಬ್ಬರನ್ನು ಕೂರಿಸಿರುತ್ತಾರೆ. ಅಪ್ರಸ್ತುತ ಪ್ರಸಂಗಿ.

ಚಪ್ಪಾಳೆ ತಟ್ಟುತ್ತಾ ತಟ್ಟುತ್ತಾ ನನಗೆ ಎರಡು ವ್ಯತ್ಯಾಸ ಹೊಳೆದವು. ಅಲ್ಲಿ ಎಂಟರಲ್ಲಿ ಒಬ್ಬರು ಮಾತ್ರ ಅಪ್ರಸ್ತುತ ಪ್ರಸಂಗಿ. ನಮ್ಮಲ್ಲಿ ಪ್ರಸ್ತುತದವರು ಯಾರು ಅಂತ ಹುಡುಕಬೇಕು. ಮತ್ತೆ, ಮೂರನೇ ಸಾಲಿನಲ್ಲಿ ಪೃಚ್ಛಕರು ಎದ್ದು, "ಸಾರ್, ಆ ಸಮಸ್ಯೆ ಕ್ಯಾನ್ಸಲ್ ಆಯ್ತು, ಅದೇ ಪದ್ಯವನ್ನು ಬೇರೆ ಛಂದಸ್ಸಿಗೆ ಹೊಂದಿಸಿ, ಇವತ್ತೇ ಬೇಕು" ಅನ್ನುವುದಿಲ್ಲ.

ದಾರಿ ಸಿಕ್ಕಿದ್ದು ಮನೆಯಲ್ಲೇ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ. ಗಾಂಧಿ ಬಜಾರಿನಲ್ಲಿ ಕಟ್ಟಿದ ಹೂವಿನ ರೇಟು ಕೇಳಿ ಬೆಚ್ಚಿ, ಬಿಡಿ ಮಲ್ಲಿಗೆ ಮೊಗ್ಗು ತಂದಿದ್ದೆ. ಅತ್ತೆ ಕಟ್ಟುತ್ತಿದ್ದರು, ನಾನೂ ಕೂತೆ. ನಾಲ್ಕು ಮೊಗ್ಗು: ಎರಡರ ತೊಟ್ಟು ಬಲಕ್ಕೆ, ಎರಡರದು ಎಡಕ್ಕೆ. ಬೆರಳಿಗೆ ದಾರ ಸುತ್ತಿ, ತಿರುಗಿಸಿ ಕುಣಿಕೆ ಮಾಡಿ, ತೊಟ್ಟಿನ ಮೇಲೆ ಇಳಿಸಿ, ಮೊಗ್ಗು ತುಂಡಾಗದ ಹಾಗೆ ಬಿಗಿಯಬೇಕು. ಒಂದು ಗೇಣು ಕಟ್ಟಿದ್ದೆ, ಫೋನ್ ಬಂತು. ಮ್ಯಾನೇಜರ್. ಹಾಗೇ ಇಟ್ಟು ಎದ್ದೆ. ವಾಪಸ್ ಬರುವಷ್ಟರಲ್ಲಿ ತುದಿಯಿಂದ ಅರ್ಧ ಗೇಣು ಬಿಚ್ಚಿಕೊಂಡು ಮೊಗ್ಗೆಲ್ಲ ನೆಲದ ಮೇಲೆ ಚೆಲ್ಲಿತ್ತು.

ಅತ್ತೆ ತಲೆ ಎತ್ತದೆ ಹೇಳಿದರು: "ಏಳೋದಾದ್ರೆ ಏಳು, ಬೇಡ ಅನ್ನಲ್ಲ. ಒಂದು ಗಂಟು ಹಾಕಿ ಏಳಬೇಕು ಕಣೇ."

ಮಾರನೇ ದಿನ ಪೂಜೆ ಆದ ಮೇಲೆ ಮೂಲೆ ಅಂಗಡಿಯಿಂದ 30 ರೂಪಾಯಿಯ ಒಂದು ನೋಟ್‌ಬುಕ್ ತಂದೆ. ಮೇಲೆ "ಗಂಟು" ಅಂತ ಬರೆದೆ. ಈಗ ಯಾರು ಎರಡು ನಿಮಿಷಕ್ಕೆ ಕರೆದರೂ, "ಬಂದೆ" ಅಂತ ಹೇಳಿ ಒಂದು ಸಾಲು ಬರೆದೇ ಏಳುತ್ತೇನೆ. ಎಲ್ಲಿ ಬಿಟ್ಟೆ, ಏನು ನೋಡುತ್ತಿದ್ದೆ, ವಾಪಸ್ ಬಂದಾಗ ಮೊದಲು ಏನು ಮಾಡಬೇಕು. ಅಷ್ಟೇ. ಒಂದು ನಿಮಿಷವೂ ಹಿಡಿಯುವುದಿಲ್ಲ.

ಶುರುವಿನಲ್ಲಿ ಗಂಟೂ ಕೈಕೊಟ್ಟಿತು, ನಿಜ ಹೇಳಬೇಕಲ್ವಾ. ಅವಸರದಲ್ಲಿ ಬರೆದ ಒಂದು ಸಾಲು ಹೀಗಿತ್ತು: "ಅದನ್ನು ನೋಡು. ಆಮೇಲೆ ಇದು." ಇನ್ನೊಂದು: "ಅವನು ಹೇಳಿದ್ದು ಸುಳ್ಳು." ಯಾರು, ಏನು ಹೇಳಿದ್ದ? ಇವತ್ತಿಗೂ ಗೊತ್ತಿಲ್ಲ. ಎದುರಿಗೆ ಬಂದ ಗಂಡಸರನ್ನೆಲ್ಲ ಒಂದು ವಾರ ಅನುಮಾನದಿಂದ ನೋಡಿದೆ. ಪಕ್ಕದ ಸೀಟಿನವಳು ಪುಸ್ತಕ ತಿರುವಿ, ನನ್ನ ಸಂಸಾರದಲ್ಲಿ ಏನೋ ಆಗಿದೆ ಅಂತ ತಿಳಿದು ಕ್ಯಾಂಟೀನಿನಲ್ಲಿ ಬೆನ್ನು ಸವರಿದಳು. ಈಗ ಕೈ ಪಳಗಿದೆ. "ಫೀಸು: ಎರಡನೇ ಕಂತಿನ ರಸೀದಿಯಲ್ಲಿ ಅಪ್ಪನ ಹೆಸರು ಬರುತ್ತಿಲ್ಲ. ಹೊಸ ವಿದ್ಯಾರ್ಥಿ ಹಾಕಿ ಮತ್ತೆ ನೋಡು." ಇಷ್ಟಿದ್ದರೆ ಒಂದು ವಾರ ಬಿಟ್ಟು ಬಂದರೂ ದಾರದ ತುದಿ ಕೈಗೆ ಸಿಗುತ್ತದೆ. ಆ ಮೇಲೆ ಆಸ್ಪತ್ರೆಯಲ್ಲಿ ಯಾರಿಗೂ ಎಕ್ಸ್‌ಪೈರಿ ಕೇಳಿಲ್ಲ.

ಮ್ಯಾನೇಜರ್ ಒಂದು ದಿನ ಈ ಪುಸ್ತಕ ನೋಡಿದರು. ಪುಟ ಪುಟದಲ್ಲೂ ತಾವೇ ಕರೆದ ಹೊತ್ತು, ತಾರೀಕು. ಒಂದೇ ಗುರುವಾರ ಒಂಬತ್ತು ಗಂಟು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾರನೇ ದಿನ ನಾಲ್ಕೇ ಸಲ ಕರೆದರು. ಅದರ ಮಾರನೇ ದಿನ ಏಳು.

ಮುಗಿಯದ ಕೆಲಸವೇ ಜಾಸ್ತಿ ನೆನಪಿರುತ್ತದೆ ಅಂತ 1927ರಲ್ಲೇ ಒಬ್ಬಾಕೆ ಬರೆದಿಟ್ಟಿದ್ದಾರೆ. ಬ್ಲೂಮಾ ಜೈಗಾರ್ನಿಕ್ ಅಂತ, ಬರ್ಲಿನ್‌ನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದವರು. ಹೋಟೆಲಿನ ಸಪ್ಲೈಯರುಗಳಿಗೆ ದುಡ್ಡು ಬರುವ ತನಕ ಆರ್ಡರ್ ಪೂರ್ತಿ ನೆನಪಿರುತ್ತದೆ, ದುಡ್ಡು ಬಂದ ಮೇಲೆ ಮರೆತೇ ಹೋಗುತ್ತದೆ ಅನ್ನುವುದನ್ನು ಗಮನಿಸಿದ್ದರಿಂದ ಈ ಯೋಚನೆ ಶುರುವಾಯಿತು ಅಂತ ಹೇಳುತ್ತಾರೆ. ನಾನು ಇದನ್ನು ನಮ್ಮ ಕಡೆಯ ಹೋಟೆಲೊಂದರಲ್ಲಿ ಪರೀಕ್ಷೆ ಮಾಡಿದೆ. ಮೂರು ಮೇಜಿನ ಆರ್ಡರ್ ಬರೆದುಕೊಳ್ಳದೆ ತರುವ ಹಿರಿಯರು ಅವರು. ಬಿಲ್ ಕೊಟ್ಟು ಬಂದು, "ನಾನೀಗ ಏನು ತಿಂದೆ ಹೇಳಿ?" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಿಲ್ ಆದ್ಮೇಲೆ ಅದು ನಿಮ್ಮ ಹೊಟ್ಟೆಗೆ ಗೊತ್ತಿರಬೇಕು ತಾಯಿ" ಅಂದರು.

ನನ್ನ ಬಿಲ್ ಆಗದ ಆರ್ಡರ್ ಒಂದಿದೆ. ಆ ಮಂಗಳವಾರ ಗಂಟಿನ ಪುಸ್ತಕ ಇನ್ನೂ ಹುಟ್ಟಿರಲಿಲ್ಲ. ನಾನು ಬಿಸ್ಕತ್ ಗೋಡೌನಿಗೆ ವಾಪಸ್ ಹೋಗುವಷ್ಟರಲ್ಲಿ ಆ ಕಂಪನಿಯವರು ಪ್ರಾಜೆಕ್ಟನ್ನೇ ನಿಲ್ಲಿಸಿದ್ದರು. ನನಗೆ ಲಾಗಿನ್ ಕೂಡ ಇಲ್ಲ. ಶಾಲೆ ಫೀಸು ಮುಗಿದದ್ದು ನೆನಪಿಲ್ಲ, ಹೋಟೆಲ್ ಬುಕಿಂಗ್ ಯಾವ ದೇಶದ್ದು ಅನ್ನುವುದೂ ಮರೆತಿದೆ. 500, 200, 288 ಮಾತ್ರ ಕುಕ್ಕರ್ ಮೂರನೇ ವಿಷಲ್ ಹಾಕುವಾಗ ನೆನಪಾಗುತ್ತದೆ. ಹಲ್ಲುಜ್ಜುವಾಗಲೂ.

ಮೊನ್ನೆ ಸಂಜೆ ಮೊಸರು ತರಲು ಮೂಲೆ ಅಂಗಡಿಗೆ ಹೋಗಿದ್ದೆ. ಸರಕು ಆಗತಾನೇ ಬಂದಿತ್ತು. ಅದೇ ಕಾರ್ಖಾನೆಯ ಬಿಸ್ಕತ್ ಬಾಕ್ಸುಗಳನ್ನು ಫುಟ್‌ಪಾತಿನ ಮೇಲೆ ಒಂದರ ಮೇಲೊಂದು ಪೇರಿಸಿದ್ದರು. ನಾನು ನಿಂತುಬಿಟ್ಟೆ. ಬೆರಳು ತಾನಾಗೇ ಎಣಿಸಲು ಶುರು ಮಾಡಿತು. "ಏನ್ ಮೇಡಂ, ಬಾಕ್ಸ್‌ಗಟ್ಟಲೆ ಬೇಕಾ?" ಅಂದರು ಅಂಗಡಿಯವರು. ಕೈ ತೋರಿಸಿ ಸುಮ್ಮನಿರಿಸಿದೆ. ಒಂಬತ್ತು, ಹತ್ತು, ಹನ್ನೊಂದು. ಹಿಂದಿನ ಸಾಲಿನಲ್ಲಿ ಇನ್ನೂ ಇದ್ದಂತಿತ್ತು, ಬಗ್ಗಿದೆ. ಫೋನ್ ಬಂತು.

"ಮೇಡಂ, ಎರಡೇ ನಿಮಿಷ."

"ಬಂದೆ" ಅಂದೆ. ಪುಸ್ತಕ ಮನೆಯಲ್ಲಿತ್ತು. ಅಂಗಡಿಯವರ ಕಿವಿ ಮೇಲಿದ್ದ ಪೆನ್ ಇಸಿದುಕೊಂಡು ಅಂಗೈ ಮೇಲೆ ಬರೆದುಕೊಂಡೆ: 11.